ಹದಿಮೂರು ಜೊತೆ ಕಡ್ಡಿಯ ಆಂಟೆನಾ: ಕಟ್ಟಿ, ಅಳೆದು ಕಲಿತ ಪಾಠಗಳು

ಹ್ಯಾಮ್ ರೇಡಿಯೋಗೆ ಹೊಸದಾಗಿ ಬಂದವರು ದಿಕ್ಕಿನ ಆಂಟೆನಾ ಎಂದರೆ ಮೊದಲು ಯಾಗಿಯನ್ನೇ ನೆನೆಯುತ್ತಾರೆ. ಜಪಾನಿನಲ್ಲಿ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಜಗತ್ತಿನ ಮುಂದಿಟ್ಟ ಈ ಆಂಟೆನಾದ ಸಂತತಿಯೇ ದೂರದರ್ಶನದ ಕಾಲದಲ್ಲಿ ನಮ್ಮ ಮಾಳಿಗೆಗಳ ಮೇಲೆಲ್ಲ ನಿಂತಿತ್ತು. ಯಾಗಿ ತನ್ನ ಕಿರಿದಾದ ಪಟ್ಟಿಯೊಳಗೆ ಬಲು ಸಮರ್ಥ. ಪಟ್ಟಿ ದಾಟಿದರೆ ಕೈಬಿಡುತ್ತದೆ. ನಮ್ಮ ದೇಶದ ಹವ್ಯಾಸಿಗಳಿಗೆ 144ರಿಂದ 146 ಮೆಗಾಹರ್ಟ್ಸ್‌ವರೆಗೆ ಒಂದು ಪಟ್ಟಿ, 434ರಿಂದ 438ರವರೆಗೆ ಇನ್ನೊಂದು ಪಟ್ಟಿ ಇವೆ. ಎರಡಕ್ಕೂ ಒಂದೇ ಆಂಟೆನಾ, ಒಂದೇ ಕೇಬಲ್ ಬೇಕೆನ್ನುವವರಿಗೆ ಲಾಗ್ ಪೀರಿಯಾಡಿಕ್ ಆಂಟೆನಾ ಇದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡುಹಾಮೆಲ್ ಮತ್ತು ಇಸ್ಬೆಲ್ 1950ರ ದಶಕದ ಕೊನೆಯಲ್ಲಿ ಇದರ ತತ್ವ ಕಂಡುಕೊಂಡರು. ಕಡ್ಡಿಗಳ ಸಾಲಿನ ಈಗಿನ ರೂಪವನ್ನು ಇಸ್ಬೆಲ್ 1960ರಲ್ಲಿ ಪ್ರಕಟಿಸಿದರು. ಮರುವರ್ಷ ಕ್ಯಾರೆಲ್ ಅದರ ಲೆಕ್ಕವನ್ನು ಬಿಡಿಸಿಟ್ಟರು.

ನಾನು ಇಲ್ಲಿ ಹೇಳುತ್ತಿರುವುದು 140ರಿಂದ 450 ಮೆಗಾಹರ್ಟ್ಸ್‌ವರೆಗಿನ, ಒಬ್ಬರೇ ಕೈಯಲ್ಲಿ ಹಿಡಿದು ತಿರುಗಿಸಬಹುದಾದ ಆಂಟೆನಾ ಬಗ್ಗೆ. 14 ಮೆಗಾಹರ್ಟ್ಸ್‌ಗೆ ಇದೇ ತತ್ವದಲ್ಲಿ ಕಟ್ಟಬಹುದು, ಆದರೆ ಅಲ್ಲಿ ಉದ್ದದ ಕಡ್ಡಿಯೇ 10 ಮೀಟರ್ ದಾಟುತ್ತದೆ. ಅದು ಟವರ್ ಇದ್ದವರ ಮಾತು.

1. ಏನು ಸಿಗುವುದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಿ

ಈ ಆಂಟೆನಾದಲ್ಲಿ ಕಡ್ಡಿಗಳು ಎಷ್ಟೇ ಇದ್ದರೂ ಒಂದು ತರಂಗಾಂತರಕ್ಕೆ ದುಡಿಯುವುದು ಮೂರೋ ನಾಲ್ಕೋ ಮಾತ್ರ. ಉಳಿದವು ತಮ್ಮ ಸರದಿಗೆ ಕಾಯುತ್ತವೆ. ಹಾಗಾಗಿ ಇದರ ಗೇನ್ ಸುಮಾರು 6ರಿಂದ 7 ಡಿಬಿಐ. ಇಷ್ಟೇ ಉದ್ದದ ಬೂಮ್ (ಕಡ್ಡಿಗಳನ್ನು ಹೊರುವ ಕೊಳವೆ) ಮೇಲೆ 435 ಮೆಗಾಹರ್ಟ್ಸ್‌ಗೆಂದೇ ಯಾಗಿ ಕಟ್ಟಿದರೆ ಇದಕ್ಕಿಂತ 3–4 ಡಿಬಿ ಹೆಚ್ಚು ಸಿಗುತ್ತದೆ. 145ರಲ್ಲಿ ಅಂತರ ಕಡಿಮೆ. ದೂರದ ದುರ್ಬಲ ಸಂಕೇತ ಹಿಡಿಯುವುದೇ ಗುರಿಯಾಗಿದ್ದರೆ ಯಾಗಿ ಕಟ್ಟಿ, ಇದಕ್ಕೆ ಕೈಹಾಕಬೇಡಿ.

ಆದರೆ ಉಪಗ್ರಹದ ಮಾತು ಬಂದಾಗ ಲೆಕ್ಕ ತಿರುಗುತ್ತದೆ. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಕಾರ್ಟೊಸ್ಯಾಟ್-1ರ ಜೊತೆ ಹಾರಿದ ನಮ್ಮ ಹ್ಯಾಮ್‌ಸ್ಯಾಟ್ 435ರಲ್ಲಿ ಕೇಳಿ 145ರಲ್ಲಿ ಮಾತಾಡುತ್ತಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ 145.990ರಲ್ಲಿ ಕೇಳಿ 437.800ರಲ್ಲಿ ಮಾತಾಡುತ್ತದೆ. ಎರಡು ಯಾಗಿ, ಎರಡು ಕೇಬಲ್, ನಡುವೆ ಡಿಪ್ಲೆಕ್ಸರ್ ಇಟ್ಟುಕೊಂಡು ಒದ್ದಾಡುವ ಕಡೆ ಇದೊಂದನ್ನು ಆಕಾಶಕ್ಕೆ ಹಿಡಿದರೆ ಸಾಕು. ಈ ಅನುಕೂಲಕ್ಕೆ 3–4 ಡಿಬಿ ತೆರುವುದು ನನ್ನ ಮಟ್ಟಿಗೆ ನ್ಯಾಯವಾದ ಬೆಲೆ.

2. ಲೆಕ್ಕ ಕಾಗದದ ಮೇಲೆ ಮುಗಿಯದೆ ಗರಗಸ ಮುಟ್ಟಬೇಡಿ

ಈ ಆಂಟೆನಾವನ್ನು ಎರಡು ಸಂಖ್ಯೆಗಳು ಆಳುತ್ತವೆ. ಒಂದು ಟೌ: ಪ್ರತಿ ಕಡ್ಡಿ ತನ್ನ ಹಿಂದಿನದರ ಎಷ್ಟು ಪಾಲು ಉದ್ದವಿರಬೇಕು ಎಂಬುದು. ಇನ್ನೊಂದು ಸಿಗ್ಮಾ: ನಡುವಿನ ಅಂತರ ಕಡ್ಡಿಯ ಉದ್ದದ ಎರಡರಷ್ಟರಲ್ಲಿ ಎಷ್ಟು ಪಾಲು ಇರಬೇಕು ಎಂಬುದು. ಟೌ 1ಕ್ಕೆ ಹತ್ತಿರವಾದಷ್ಟೂ ಕಡ್ಡಿಗಳ ಸಂಖ್ಯೆ, ಬೂಮ್ ಉದ್ದ, ಗೇನ್ ಮೂರೂ ಏರುತ್ತವೆ. ಕೈಯಲ್ಲಿ ಹಿಡಿಯುವ ಆಂಟೆನಾಗೆ ಟೌ 0.88, ಸಿಗ್ಮಾ 0.06 ಹಿತವಾದ ಜೋಡಿ.

140 ಮೆಗಾಹರ್ಟ್ಸ್‌ನ ಅರ್ಧ ತರಂಗಾಂತರ 107 ಸೆಂ.ಮೀ. ಅದೇ ಹಿಂದಿನ ಕಡ್ಡಿ. ಅಲ್ಲಿಂದ 0.88ರಿಂದ ಗುಣಿಸುತ್ತ ಹೋದರೆ 94.2, 82.9, 72.9, 64.2, 56.5, 49.7, 43.7, 38.5, 33.9, 29.8, 26.2, ಕೊನೆಗೆ 23.1. ಒಟ್ಟು ಹದಿಮೂರು. ಮೊದಲ ಎರಡು ಕಡ್ಡಿಗಳ ನಡುವೆ 12.8 ಸೆಂ.ಮೀ. ಅಂತರ. ಮುಂದಿನ ಅಂತರಗಳೂ ಅದೇ 0.88ರಿಂದ ಕುಗ್ಗುತ್ತವೆ. ಹಿಂದಿನ ಕಡ್ಡಿಯಿಂದ ಮುಂದಿನ ಕಡ್ಡಿಗೆ 84 ಸೆಂ.ಮೀ. ಬರುತ್ತದೆ.

450ರ ಅರ್ಧ ತರಂಗಾಂತರ 33 ಸೆಂ.ಮೀ. ಇರುವಾಗ 23 ಸೆಂ.ಮೀ. ಕಡ್ಡಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ದುಡಿಯುವ ಕಡ್ಡಿಯ ಮುಂದೆ ಅದಕ್ಕಿಂತ ಗಿಡ್ಡನೆಯವು ಒಂದೆರಡು ಇದ್ದರೇ ಕಿರಣ ಮುಂದಕ್ಕೆ ಸರಿಯಾಗಿ ಹೋಗುತ್ತದೆ. ದುಡ್ಡು ಉಳಿಯಲೆಂದು ಮೂತಿಯ ಕಡ್ಡಿಗಳನ್ನು ಕತ್ತರಿಸಿದ ಆಂಟೆನಾಗಳು 435ರಲ್ಲಿ ಸೊರಗುವುದು ಇದಕ್ಕೇ.

3. ಸಾಮಾನು ನಮ್ಮ ಪೇಟೆಯಲ್ಲೇ ಸಿಗುತ್ತದೆ

ಬೂಮ್‌ಗೆ ಎರಡು ಅಲ್ಯೂಮಿನಿಯಂ ಕೊಳವೆ ಬೇಕು. ಕಿಟಕಿ ಬಾಗಿಲು ಮಾಡುವ ಅಂಗಡಿಯವರು ಇದನ್ನು ಸೆಕ್ಷನ್ ಎನ್ನುತ್ತಾರೆ, ತುಂಡು ಮಾಡಿಯೂ ಕೊಡುತ್ತಾರೆ. ಕಡ್ಡಿಗೆ ವೆಲ್ಡಿಂಗ್ ಸಾಮಾನಿನ ಅಂಗಡಿಯ ಅಲ್ಯೂಮಿನಿಯಂ ಟಿಗ್ ರಾಡ್ ಚೆನ್ನಾಗಿ ಹೊಂದುತ್ತದೆ. ಒಂದು ಮೀಟರಿನ ತುಂಡುಗಳಾಗಿ ಬರುತ್ತದೆ, ನೆಟ್ಟಗಿರುತ್ತದೆ. ಹದಿಮೂರು ಕಡ್ಡಿ ಎಂದರೆ ಇಪ್ಪತ್ತಾರು ಅರ್ಧಗಳು, ಒಟ್ಟು 7.2 ಮೀಟರ್. ಯಾವ ರಾಡಿನಿಂದ ಯಾವ ಅರ್ಧಗಳು ಬರುತ್ತವೆ ಎಂದು ಮೊದಲೇ ಜೋಡಿಸಿಕೊಂಡರೆ ಹೆಚ್ಚು ಪೋಲಾಗುವುದಿಲ್ಲ. 53.5 ಸೆಂ.ಮೀ. ಅರ್ಧದ ಜೊತೆ 41.5ರದ್ದು ಒಂದೇ ರಾಡಿನಲ್ಲಿ ಬರುತ್ತದೆ. ಕನೆಕ್ಟರ್, ಕೇಬಲ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. 435ರಲ್ಲೂ ಕೆಲಸ ಮಾಡಬೇಕಾದ್ದರಿಂದ ದಪ್ಪ ಪಿಎಲ್-259 ಬಿಟ್ಟು ಎನ್ ಕನೆಕ್ಟರನ್ನೇ ಕೇಳಿ ತನ್ನಿ.

ಎರಡು ಬೂಮ್‌ಗಳ ನಡುವೆ ಇಡುವ ತುಂಡಿಗೆ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ ಸೊಗಸಾದ ವಸ್ತು. ಅದು ಪಾಲಿಥಿನ್. ತೇವ ಹೀರುವುದಿಲ್ಲ, ಈ ತರಂಗಾಂತರಗಳಲ್ಲಿ ನಷ್ಟವೂ ಕಡಿಮೆ. ಕಪ್ಪು ಪ್ಲಾಸ್ಟಿಕ್‌ನಲ್ಲಿ ಕಾರ್ಬನ್ ಇರಬಹುದು, ಬೇಡ. ನಟ್ಟು, ಬೋಲ್ಟು, ವಾಷರ್ ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ತಾಮ್ರದ ತಂತಿಯನ್ನು ಅಲ್ಯೂಮಿನಿಯಂಗೆ ನೇರ ತಾಗಿಸಿದರೆ ಮೊದಲ ಮಳೆಗಾಲದಲ್ಲೇ ಬಿಳಿ ಪುಡಿ ಏಳುತ್ತದೆ. ನಡುವೆ ತವರ ಲೇಪಿಸಿದ ಲಗ್ ಮತ್ತು ಸ್ಟೇನ್‌ಲೆಸ್ ವಾಷರ್ ಬೇಕೇ ಬೇಕು. ಕರಾವಳಿಯವರು ಇದನ್ನು ಎರಡು ಪಟ್ಟು ಎಚ್ಚರದಿಂದ ಪಾಲಿಸಬೇಕು.

4. ಬೂಮ್‌ಗಳ ನಡುವಿನ ಸಂದಿಯೂ ಆಂಟೆನಾದ ಭಾಗ

ಇಲ್ಲಿ ಬೂಮ್ ಬರೀ ಆಧಾರವಲ್ಲ. ಎರಡು ಬೂಮ್ ಸೇರಿ ಕಡ್ಡಿಗಳಿಗೆ ವಿದ್ಯುತ್ ಹಂಚುವ ಲೈನು. 16 ಮಿ.ಮೀ. ದುಂಡನೆಯ ಕೊಳವೆಗಳನ್ನು 3.2 ಮಿ.ಮೀ. ಸಂದಿ ಬಿಟ್ಟು ಇಟ್ಟರೆ ಆ ಲೈನಿನ ಇಂಪೆಡೆನ್ಸ್ ಸುಮಾರು 75 ಓಮ್. ಸಂದಿ ಒಂದೇ ಒಂದು ಮಿ.ಮೀ. ಹೆಚ್ಚಿದರೆ 85 ಓಮ್. ಕಡ್ಡಿಗಳು ಜೋಡಣೆಯಾದ ಮೇಲೆ ಅವುಗಳ ವಿದ್ಯುತ್ ಹೊರೆಯಿಂದ ಈ ಇಂಪೆಡೆನ್ಸ್ ಇಳಿಯುವುದರಿಂದ ಬರೀ ಬೂಮ್‌ನಲ್ಲಿ 50ಕ್ಕಿಂತ ಮೇಲಿಂದ ಶುರುಮಾಡುತ್ತೇವೆ. ಚೌಕ ಕೊಳವೆಗೆ ತೂತು ಕೊರೆಯುವುದು ಸುಲಭ, ಆದರೆ ಅದೇ ಸಂದಿಗೆ ಅದರ ಇಂಪೆಡೆನ್ಸ್ ಕಡಿಮೆ ಬರುತ್ತದೆ. ಸಂದಿ ಕೊಂಚ ಹೆಚ್ಚಿಸಿಕೊಳ್ಳಬೇಕು. ಯಾವುದೇ ಆಗಲಿ, ಹಿಂದಿನಿಂದ ಮುಂದಿನವರೆಗೆ ಸಂದಿ ಒಂದೇ ಸಮ ಇರಬೇಕು. ತುದಿಗಳಲ್ಲಿ ಮಾತ್ರವಲ್ಲ, ನಡುವೆಯೂ ಒಂದು ಪ್ಲಾಸ್ಟಿಕ್ ತುಂಡು ಕೂರಿಸಿ.

5. ಎಡ ಬಲ ಅದಲುಬದಲು ತಪ್ಪಿದರೆ ಆಂಟೆನಾ ಇಲ್ಲ

ಇದೇ ಈ ಆಂಟೆನಾದ ಜೀವ. ಬೂಮ್‌ಗಳು ಒಂದರ ಮೇಲೊಂದು ಇವೆ ಎಂದುಕೊಳ್ಳಿ. ಮೊದಲ ಕಡ್ಡಿಯ ಎಡ ಅರ್ಧ ಮೇಲಿನ ಬೂಮ್‌ಗೆ, ಬಲ ಅರ್ಧ ಕೆಳಗಿನದಕ್ಕೆ. ಎರಡನೆಯದರಲ್ಲಿ ಎಡ ಅರ್ಧ ಕೆಳಕ್ಕೆ, ಬಲ ಅರ್ಧ ಮೇಲಕ್ಕೆ. ಹೀಗೆ ಕೊನೆಯವರೆಗೆ. ಎರಡು ಬೂಮ್ ಬಿಚ್ಚಿ ಒಂದನ್ನೇ ನೋಡಿದರೆ ದಾಸವಾಳದ ಟೊಂಗೆಯ ಎಲೆಗಳಂತೆ ಕಡ್ಡಿಗಳು ಒಂದು ಆಚೆ, ಒಂದು ಈಚೆ ಹೊರಟಿರಬೇಕು. ಒಂದೇ ಬದಿಗೆ ಎರಡು ಸಾಲಾಗಿ ಬಂದಿದ್ದರೆ ಅಲ್ಲಿ ತಪ್ಪಿದೆ.

ಯಾಕೆ ಹೀಗೆ? ಆಂಟೆನಾಗೆ ಸಂಕೇತ ಕೊಡುವುದು ಮೂತಿಯಿಂದ, ಅಂದರೆ ಗಿಡ್ಡ ಕಡ್ಡಿಯ ತುದಿಯಿಂದ. 145 ಮೆಗಾಹರ್ಟ್ಸ್ ಸಂಕೇತ ಮೊದಲು ಗಿಡ್ಡ ಕಡ್ಡಿಗಳನ್ನು ದಾಟಬೇಕು. ಅದಲುಬದಲಿನಿಂದ ಅಕ್ಕಪಕ್ಕದ ಗಿಡ್ಡ ಕಡ್ಡಿಗಳು ಒಂದಕ್ಕೊಂದು ವಿರುದ್ಧವಾಗಿರುತ್ತವೆ. ಅವು ಹೊರಸೂಸಲು ಹೊರಟದ್ದು ಅಲ್ಲೇ ಒಂದನ್ನೊಂದು ಅಳಿಸಿಬಿಡುತ್ತದೆ, ಶಕ್ತಿ ಹಿಂದಕ್ಕೆ ಸಾಗುತ್ತದೆ. ತನಗೆ ತಕ್ಕ ಉದ್ದದ ಕಡ್ಡಿಗಳು ಸಿಕ್ಕ ಕಡೆ ಹೊರಬೀಳುತ್ತದೆ, ಮತ್ತು ಅದೇ ಅದಲುಬದಲಿನ ಕಾರಣ ಮೂತಿಯ ದಿಕ್ಕಿಗೆ ಹೊರಬೀಳುತ್ತದೆ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ಇಸ್ಬೆಲ್ ಬಗ್ಗೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ. ಯಾವ ಸ್ವಿಚ್ಚೂ ಇಲ್ಲದೆ, ಯಾವ ಟ್ಯೂನರೂ ಇಲ್ಲದೆ, ಸಂಕೇತ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ.

6. ಮೂತಿಯಲ್ಲಿ ಒಂದು ಸೆಂಟಿಮೀಟರ್ ತಂತಿಗೂ ಬೆಲೆ ಇದೆ

ಕೇಬಲನ್ನು ಒಂದು ಬೂಮ್ ಕೊಳವೆಯ ಒಳಗೆ ಹಿಂದಿನಿಂದ ತೂರಿಸಿ ಮೂತಿಯಲ್ಲಿ ಹೊರತನ್ನಿ. ಹೊರಕವಚದ ಜಾಲರಿ ಅದೇ ಬೂಮ್‌ಗೆ, ಒಳತಂತಿ ಎದುರು ಬೂಮ್‌ಗೆ. ಬೇರೆ ಬಾಲನ್ ಬೇಡ, ಕೊಳವೆಯೇ ಆ ಕೆಲಸ ಮಾಡುತ್ತದೆ. ಕೇಬಲನ್ನು ಕೊಳವೆಯ ಹೊರಗೆ ಕಟ್ಟಿ ಮೂತಿಗೆ ತಂದರೆ ಈ ಲಾಭ ಕೈತಪ್ಪುತ್ತದೆ.

ಜೋಡಿಸುವ ತಂತಿ ಎಷ್ಟು ಗಿಡ್ಡವಿದ್ದರೂ ಸಾಲದು. ಒಂದು ಸೆಂ.ಮೀ. ತಂತಿಯ ಇಂಡಕ್ಟೆನ್ಸ್ ಸುಮಾರು 10 ನ್ಯಾನೋಹೆನ್ರಿ. 435 ಮೆಗಾಹರ್ಟ್ಸ್‌ನಲ್ಲಿ ಅದು 27 ಓಮ್ ಅಡ್ಡಿ. 50 ಓಮ್ ವ್ಯವಸ್ಥೆಯಲ್ಲಿ 27 ಓಮ್ ಸಣ್ಣದಲ್ಲ. 145ರಲ್ಲಿ ಚೆನ್ನಾಗಿದ್ದು 435ರಲ್ಲಿ ಕೆಟ್ಟಿರುವ ಆಂಟೆನಾ ಯಾರಾದರೂ ತಂದುಕೊಟ್ಟರೆ ನಾನು ಮೊದಲು ನೋಡುವುದು ಇದನ್ನೇ.

7. ಮಲ್ಟಿಮೀಟರ್ ಶಾರ್ಟ್ ತೋರಿಸಿದರೆ ಹೆದರಬೇಡಿ

ಉದ್ದದ ಕಡ್ಡಿಯ ಹಿಂದೆ ಸ್ವಲ್ಪ ದೂರದಲ್ಲಿ ಎರಡು ಬೂಮ್‌ಗಳನ್ನು ಲೋಹದ ಪಟ್ಟಿಯಿಂದ ಕೂಡಿಸಿರುತ್ತೇವೆ. ಹಾಗಾಗಿ ಮೀಟರ್ ಬೀಪ್ ಎನ್ನಲೇಬೇಕು. ಆ ಪಟ್ಟಿ ಬಿಚ್ಚಿಟ್ಟು, ಮೇಲಿನ ಬೂಮ್‌ಗೆ ಒಂದು ಪ್ರೋಬ್ ಇಟ್ಟು ಪ್ರತಿ ಅರ್ಧವನ್ನೂ ಮುಟ್ಟಿ ನೋಡಿ. ಅದಲುಬದಲು ಸರಿಯಿದೆಯೇ, ಸಡಿಲ ನಟ್ಟಿದೆಯೇ ಎರಡೂ ಒಟ್ಟಿಗೆ ಗೊತ್ತಾಗುತ್ತವೆ. ಆಮೇಲೆ ಪಟ್ಟಿ ಹಾಕಿ.

8. ವಿಎನ್‌ಎ ತೆರೆಯಲ್ಲಿ ಗೆರೆ ನೋಡುವುದಷ್ಟೇ ಅಲ್ಲ, ಕಡ್ಡಿ ಮುಟ್ಟಿಯೂ ನೋಡಿ

ಆಂಟೆನಾ ಅಳೆಯುವ ಅಂಗೈಯಗಲದ ನ್ಯಾನೋ ವಿಎನ್‌ಎ ಬಂದ ಮೇಲೆ ಹವ್ಯಾಸಿಗಳ ಬದುಕೇ ಬದಲಾಯಿತು. ಹಿಂದೆ ಪ್ರಯೋಗಾಲಯದವರಿಗೆ ಮಾತ್ರ ಸಿಗುತ್ತಿದ್ದ ನೋಟ ಈಗ ನಮ್ಮ ಮಾಳಿಗೆಯಲ್ಲಿದೆ. ಅದನ್ನು ಗೌರವದಿಂದ ಬಳಸಬೇಕು. ಆಂಟೆನಾಗೆ ಸಿಕ್ಕಿಸುವ ಕೇಬಲಿನ ತುದಿಯಲ್ಲೇ ಓಪನ್, ಶಾರ್ಟ್, ಲೋಡ್ ಇಟ್ಟು ಕ್ಯಾಲಿಬ್ರೇಟ್ ಮಾಡಿ. ಆಂಟೆನಾವನ್ನು ನೆಲಕ್ಕೆ ಒರಗಿಸಬೇಡಿ. ಮೂತಿ ಆಕಾಶಕ್ಕೆ ಮಾಡಿ, ನೀವು ಹಿಂದೆ ನಿಲ್ಲಿ.

ಇನ್ನೊಂದು ಸೂಕ್ಷ್ಮವಿದೆ. 140ರಿಂದ 450ರವರೆಗೆ 101 ಬಿಂದುಗಳಲ್ಲಿ ಒಮ್ಮೆಗೇ ಸ್ವೀಪ್ ಮಾಡಿದರೆ ಬಿಂದುವಿನಿಂದ ಬಿಂದುವಿಗೆ 3 ಮೆಗಾಹರ್ಟ್ಸ್ ಅಂತರ. ನಮ್ಮ 144–146 ಪಟ್ಟಿಯ ಅಗಲವೇ 2. ಇಡೀ ಪಟ್ಟಿ ಎರಡು ಬಿಂದುಗಳ ನಡುವೆ ಬಿದ್ದುಹೋಗಬಹುದು. ದೊಡ್ಡ ಸ್ವೀಪ್ ಆದಮೇಲೆ 140–150, 430–440 ಎಂದು ಸಣ್ಣ ತುಂಡುಗಳಲ್ಲಿ ಮತ್ತೆ ನೋಡಿ. ಗೆರೆಯಲ್ಲಿ ಚೂಪಾದ ಮುಳ್ಳು ಎದ್ದಿದ್ದರೆ ಒಂದು ಕಡ್ಡಿಯ ನಟ್ಟು ಸಡಿಲವಿದೆ, ಇಲ್ಲವೇ ಹಿಂದಿನ ಶಾರ್ಟ್ ಪಟ್ಟಿಯ ಜಾಗ ಸರಿಯಿಲ್ಲ. ಪಟ್ಟಿಯನ್ನು ಹಿಂದೆ ಮುಂದೆ ಸರಿಸಿದಾಗ ಮುಳ್ಳು ಜಾಗ ಬದಲಿಸಿದರೆ ಎರಡನೆಯದೇ ಕಾರಣ. ಎಲ್ಲೆಡೆ 2ಕ್ಕಿಂತ ಕಡಿಮೆ ಎಸ್‌ಡಬ್ಲ್ಯೂಆರ್ ಇದ್ದರೆ ಸಾಕು. 2ರಲ್ಲಿ ಆಂಟೆನಾದಿಂದ ಹಿಂತಿರುಗುವ ಶಕ್ತಿ ಶೇ 11 ಮಾತ್ರ. 1.2 ತರುತ್ತೇನೆಂದು ವಾರಗಟ್ಟಲೆ ಹೆಣಗುವುದರಲ್ಲಿ ಅರ್ಥವಿಲ್ಲ.

ಈಗ ನನಗೆ ಬಲು ಇಷ್ಟವಾದ ಪರೀಕ್ಷೆ. ವಿಎನ್‌ಎಯನ್ನು 435ಕ್ಕೆ ಇಟ್ಟು ಉದ್ದದ ಕಡ್ಡಿಯ ತುದಿಯನ್ನು ಬೆರಳಿನಿಂದ ಮುಟ್ಟಿ. ಗೆರೆ ಹೆಚ್ಚೇನೂ ಅಲುಗಾಡಬಾರದು. 38, 34, 30 ಸೆಂ.ಮೀ. ಕಡ್ಡಿಗಳ ತುದಿ ಮುಟ್ಟಿ, ಗೆರೆ ಕುಣಿಯಬೇಕು. ಈಗ 145ಕ್ಕೆ ಬನ್ನಿ. ಹಿಂದಿನ ಎರಡು ಮೂರು ಕಡ್ಡಿಗಳು ಸ್ಪಂದಿಸಬೇಕು, ಮೂತಿಯವು ಸುಮ್ಮನಿರಬೇಕು. ಶಕ್ತಿ ಎಲ್ಲಿಂದ ಹೊರಡುತ್ತಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಇದನ್ನು ವಿಎನ್‌ಎ ಜೊತೆ ಮಾತ್ರ ಮಾಡಿ. ಟ್ರಾನ್ಸ್‌ಮಿಟರ್ ಸಿಕ್ಕಿಸಿ ಕಡ್ಡಿಯ ತುದಿ ಮುಟ್ಟಿದರೆ ಕೈ ಸುಡುತ್ತದೆ.

9. ಎಸ್‌ಡಬ್ಲ್ಯೂಆರ್ ದಿಕ್ಕನ್ನು ಹೇಳುವುದಿಲ್ಲ

ಡಮ್ಮಿ ಲೋಡ್‌ನ ಎಸ್‌ಡಬ್ಲ್ಯೂಆರ್ 1. ಅದು ಎಲ್ಲಿಗೂ ಏನನ್ನೂ ಕಳಿಸುವುದಿಲ್ಲ. 3 ಡಿಬಿ ನಷ್ಟದ ಕೇಬಲಿನ ತುದಿಗೆ ಏನೂ ಸಿಕ್ಕಿಸದೆ ಬಿಟ್ಟರೂ ಈಚೆಯ ತುದಿಯಲ್ಲಿ ಎಸ್‌ಡಬ್ಲ್ಯೂಆರ್ 3 ಕಾಣುತ್ತದೆ. ಹದಿನೈದು ಮೀಟರ್ ಆರ್‌ಜಿ-58 ಆದರೆ 435ರಲ್ಲಿ 2ಕ್ಕಿಂತ ಕಡಿಮೆಯೇ ಕಾಣುತ್ತದೆ, ಆಂಟೆನಾವೇ ಇಲ್ಲದಿದ್ದರೂ. ಹೀಗಿರುವಾಗ ಆ ಒಂದು ಸಂಖ್ಯೆ ನೋಡಿ ಆಂಟೆನಾ ಚೆನ್ನಾಗಿದೆ ಎಂದು ತೀರ್ಮಾನಿಸುವುದು ನಮ್ಮ ಹವ್ಯಾಸದ ದೊಡ್ಡ ದೌರ್ಬಲ್ಯ. ದಿಕ್ಕಿನ ಆಂಟೆನಾ ಕಟ್ಟಿದ ಮೇಲೆ ದಿಕ್ಕನ್ನೇ ಅಳೆಯಬೇಕು.

ಅದಕ್ಕೆ ದುಬಾರಿ ಸಲಕರಣೆ ಬೇಡ. ಅರ್ಧ ಕಿಲೋಮೀಟರ್ ಆಚೆ ಲೈಸೆನ್ಸ್ ಇರುವ ಗೆಳೆಯರೊಬ್ಬರು ಮಾಳಿಗೆಯಿಂದ ಕಡಿಮೆ ಪವರ್‌ನಲ್ಲಿ ಕ್ಯಾರಿಯರ್ ಕೊಡಲಿ. ನಿಮ್ಮ ಕಡೆ ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್, ಅದರ ಎಜಿಸಿ ಆಫ್. ಎಫ್‌ಎಂ ಸೆಟ್ಟಿನ ಎಸ್ ಮೀಟರ್ ಬೇಗ ತುಂಬಿಬಿಡುತ್ತದೆ, ಅದನ್ನು ನಂಬುವಂತಿಲ್ಲ. ಕಂಬದ ಬುಡದಲ್ಲಿ ಡಿಗ್ರಿ ಗುರುತು ಹಾಕಿ ಹದಿನೈದು ಹದಿನೈದು ಡಿಗ್ರಿ ತಿರುಗಿಸುತ್ತ ಬರೆದುಕೊಳ್ಳಿ. "ಕ್ಯಾರಿಯರ್ ಹಾಗೇ ಇರ್ಲಿ ಓಎಂ, ಇನ್ನೊಂದು ಸುತ್ತು ಇದೆ" ಎಂದು ಎರಡನೇ ಸಲವೂ ತಿರುಗಿಸಿ. ಎರಡು ಸುತ್ತಿನ ಅಂಕಿಗಳು ಹೊಂದದಿದ್ದರೆ ನೀವು ಅಳೆಯುತ್ತಿರುವುದು ಆಂಟೆನಾವನ್ನಲ್ಲ, ಪಕ್ಕದ ಸಿಂಟೆಕ್ಸ್ ಟ್ಯಾಂಕಿನ ಸ್ಟ್ಯಾಂಡನ್ನೋ ಎದುರು ಕಟ್ಟಡದ ಪ್ರತಿಫಲನವನ್ನೋ. ಜಾಗ ಬದಲಿಸಿ. ಮಲೆನಾಡಿನಲ್ಲಿ ಎದುರಿನ ಗುಡ್ಡವೇ ಸಂಕೇತ ಹಿಂತಿರುಗಿಸಿ ಬೆನ್ನ ಹಿಂದೆಯೂ ಬಲವಿದೆ ಎಂದು ತೋರಿಸುತ್ತದೆ. ಅಲ್ಲಿ ಕೆರೆಯಂಗಳದಂಥ ಬಯಲು ಹುಡುಕಬೇಕು.

ಗೇನ್ ತಿಳಿಯಲು ಹೋಲಿಕೆಗೆ ಒಂದು ಸಾದಾ ಡೈಪೋಲ್ ಕಟ್ಟಿಕೊಳ್ಳಿ. ಅದೇ ಜಾಗ, ಅದೇ ಎತ್ತರ, ಅದೇ ಕೇಬಲ್. ಡೈಪೋಲ್‌ನ ಗೇನ್ 2.15 ಡಿಬಿಐ. ನಿಮ್ಮ ಆಂಟೆನಾ ಅದಕ್ಕಿಂತ 4–5 ಡಿಬಿ ಮೇಲಿದ್ದರೆ ಲೆಕ್ಕಕ್ಕೆ ತಕ್ಕಂತೆ ದುಡಿಯುತ್ತಿದೆ. ಮುಂದಕ್ಕೂ ಹಿಂದಕ್ಕೂ 15 ಡಿಬಿಗಿಂತ ಹೆಚ್ಚು ವ್ಯತ್ಯಾಸ ಬರಬೇಕು, 145ರಲ್ಲೂ 435ರಲ್ಲೂ. 145ರಲ್ಲಿ ಮಾತ್ರ ಬೆನ್ನ ಹಿಂದೆ ಸೋರುತ್ತಿದ್ದರೆ ಹಿಂದೆ ಇನ್ನೊಂದು ಉದ್ದದ ಕಡ್ಡಿ ಬೇಕು. 435ರಲ್ಲಿ ಸೋರುತ್ತಿದ್ದರೆ ಮೂತಿಯ ಜೋಡಣೆಯನ್ನು, ಸಂದಿಯ ಸಮತೆಯನ್ನು ನೋಡಿ. ಎರಡೂ ಕಡೆ ದಿಕ್ಕೇ ಇಲ್ಲವೆಂದರೆ ಐದನೇ ಪಾಠಕ್ಕೆ ಹಿಂತಿರುಗಿ.

10. ಕಂಬ ಹಿಂದೆ ಇರಲಿ

ರಿಪೀಟರ್‌ಗಳಿಗೆ ಕಡ್ಡಿಗಳು ನೆಟ್ಟಗೆ, ದೂರದ ಎಸ್‌ಎಸ್‌ಬಿಗೆ ಅಡ್ಡಲಾಗಿ ಇರಬೇಕು. ಇದು ತಿರುವುಮುರುವಾದರೆ ನಷ್ಟ 20 ಡಿಬಿಯವರೆಗೂ ಹೋಗುತ್ತದೆ. ನೆಟ್ಟಗೆ ನಿಲ್ಲಿಸಿದಾಗ ಕಬ್ಬಿಣದ ಕಂಬ ಕಡ್ಡಿಗಳ ನಡುವೆ ಬಂದರೆ ಅದೂ ಒಂದು ಕಡ್ಡಿಯಾಗಿಬಿಡುತ್ತದೆ. ಬೂಮ್ ಅನ್ನು ಹಿಂದಕ್ಕೆ ಉದ್ದ ಬಿಟ್ಟು, ಉದ್ದದ ಕಡ್ಡಿಯ ಹಿಂದೆ ಕಂಬಕ್ಕೆ ಬಿಗಿಯಿರಿ.

11. ಮಳೆ, ಹುಳು, ಸಿಡಿಲು, ಕರೆಂಟ್ ಲೈನ್

ಮೂತಿಯ ಜೋಡಣೆಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಸುತ್ತಿ. ಅಲ್ಲಿ ನೀರು ಒಳಹೊಕ್ಕರೆ ಕೇಬಲಿನ ಜಾಲರಿಯುದ್ದಕ್ಕೂ ಇಳಿಯುತ್ತದೆ, ಇಡೀ ಕೇಬಲ್ ಹೋಗುತ್ತದೆ. ಬೂಮ್ ತುದಿಗಳಿಗೆ ಮುಚ್ಚಳ ಹಾಕಿ, ಕೆಳಬದಿಗೆ ನೀರಿಳಿಯಲು ಸಣ್ಣ ತೂತು ಬಿಡಿ. ಕುಂಬಾರ ಹುಳಕ್ಕೆ ತೆರೆದ ಕೊಳವೆ, ಬೂಮ್‌ಗಳ ಸಂದಿ ಎರಡೂ ಪ್ರೀತಿ. ಸಂದಿಯಲ್ಲಿ ಹಸಿಮಣ್ಣಿನ ಗೂಡು ಕಟ್ಟಿತೆಂದರೆ ನಾಲ್ಕನೇ ಪಾಠದ ಲೆಕ್ಕವೆಲ್ಲ ಕೆಡುತ್ತದೆ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಇಳಿಸಿ ನೋಡುವುದು ಒಳ್ಳೆಯದು.

ಕಂಬಕ್ಕೆ ಅರ್ಥಿಂಗ್ ಇರಲೇಬೇಕು. ಗುಡುಗು ಕೇಳಿದ ಕೂಡಲೇ ಕೇಬಲ್ ಕಳಚಿ ಮನೆಯ ಹೊರಗಿಡಿ. ಎಲ್ಲಕ್ಕಿಂತ ಮುಖ್ಯ, ಕಂಬ ಬುಡಸಮೇತ ಯಾವ ಕಡೆಗೆ ಉರುಳಿದರೂ ಆಂಟೆನಾದ ತುದಿ ಕರೆಂಟ್ ಲೈನಿಗೆ ತಾಗಬಾರದು. ಅಷ್ಟು ದೂರ ಜಾಗವಿಲ್ಲದಿದ್ದರೆ ಆ ಮಾಳಿಗೆಯಲ್ಲಿ ಕಂಬ ನಿಲ್ಲಿಸಬೇಡಿ, ಕೈಯಲ್ಲಿ ಹಿಡಿದೇ ಬಳಸಿ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ. ಕಂಬ ಏರಿಸುವಾಗ ಒಬ್ಬರೇ ಕೈಹಾಕಬೇಡಿ. ಕೆಳಗೆ ನಿಂತವರಲ್ಲಿ ಒಬ್ಬರ ಕಣ್ಣು ಪೂರ್ತಿ ಲೈನಿನ ಮೇಲೇ ಇರಲಿ.

12. ಅಂಕಿಗಳನ್ನು ಬರೆದಿಡಿ, ಹಂಚಿ

ಕಟ್ಟಿದ ದಿನದ ವಿಎನ್‌ಎ ಗೆರೆ, ತಿರುಗಿಸಿ ಬರೆದ ಡಿಗ್ರಿಗಳ ಪಟ್ಟಿ, ಬಳಸಿದ ಕೊಳವೆಯ ಅಳತೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ಏನಾದರೂ ಕೆಟ್ಟರೆ ಹೋಲಿಸಿ ನೋಡಲು ಅದೇ ಆಧಾರ. ಊರಿನ ಕ್ಲಬ್ಬಿನಲ್ಲಿ ಆ ನೋಟ್‌ಬುಕ್ಕನ್ನು ಎಲ್ಲರ ಮುಂದಿಡಿ, ಸಾಧ್ಯವಾದರೆ ಕನ್ನಡದಲ್ಲೇ ಬರೆದಿಡಿ. ಪಿಯುಸಿ ಓದುತ್ತ ಲೈಸೆನ್ಸ್ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿಗೆ ನಮ್ಮ ಪೇಟೆಯ ಕೊಳವೆ, ನಮ್ಮ ಪೇಟೆಯ ರಾಡ್ ಬಳಸಿ ಅಳೆದ ಅಂಕಿಗಳು ಬೇಕಾಗಿವೆ. ನಿಮ್ಮ ಆಂಟೆನಾ ಸಿದ್ಧವಾದ ದಿನ ಅಂಥ ಒಬ್ಬರನ್ನಾದರೂ ಮಾಳಿಗೆಗೆ ಕರೆದು ಕೈಗೆ ಕೊಡಿ, ತಿರುಗಿಸಿ ಕೇಳಲಿ.